ಸುಗುಣಾಳಿಗೆ ಕೇಳಿಸುತ್ತಿದ್ದ ದನಿ

ಹೋದ ತಿಂಗಳು ಒಂದು ಮದುವೆಗೆಂದು ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮಸ್ಕಿ ದಾಟಿ, ಕಾಲುವೆ ಕೆಳಗಿನ ಭತ್ತದ ಗದ್ದೆಗಳು ಶುರುವಾದ ಕೂಡಲೇ ಬೆಳೆಗೆ ಹೊಡೆಯುವ ಔಷಧಿಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಂಡಕ್ಟರನ ಕಡೆ ಸಿಟ್ಟಿನಿಂದ ನೋಡಿದಳು, ಔಷಧಿ ಹೊಡೆದವನು ಅವನೇ ಎಂಬಂತೆ. ನನಗೆ ಮಾತ್ರ ಆ ವಾಸನೆಯ ಹಿಂದೆಯೇ ಮಸ್ಕಿಯ ಒಂದು ಮಳೆಗಾಲ ಪೂರ್ತಿ ಎದ್ದು ಬಂತು. ಸುಗುಣಾ ಬಂದಳು. ಬಂದರೆ ಅವಳು ಬೇಗ ಹೋಗುವವಳಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮವರನ್ನು ಮಸ್ಕಿಯ ಒಂದು ಸಣ್ಣ ಸಭೆಗೆ ಪಾಸ್ಟರಾಗಿ ಕಳಿಸಿದ್ದರು. ತಗಡಿನ ಮಾಡಿನ ಪ್ರಾರ್ಥನಾ ಮಂದಿರ, ಅದರ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ ನಮ್ಮ ಮನೆ. ಸಭೆಯವರಲ್ಲಿ ಮುಕ್ಕಾಲು ಮಂದಿ ಕೂಲಿಯವರು. ಮಳೆ ಹಿಡಿದು ಕಾಲುವೆಗೆ ನೀರು ಬಿಟ್ಟರೆ ಹೆಂಗಸರೆಲ್ಲ ಬಳಗಾನೂರು ಕಡೆಯ ಗದ್ದೆಗಳಿಗೆ ಸಸಿ ಹಚ್ಚಲು ಟಂಟಂ ಆಟೋ ಹತ್ತಿ ಹೋಗುವರು. ಸಂಜೆ ಅದೇ ಟಂಟಂನಿಂದ ಇಳಿದು, ಕಾಲಿನ ಕೆಸರು ಕೂಡ ಒಣಗುವ ಮೊದಲೇ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬಂದು ಕೂಡುವರು. ಅವರ ಸೀರೆಯಿಂದ ಔಷಧಿಯ ವಾಸನೆ ಬರುತ್ತಿತ್ತು. ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ನನ್ನ ಮೂಗಿಗೆ ಮೊದಲು ಬಡಿಯುತ್ತಿದ್ದದ್ದು ಅದೇ.

ಪಾಸ್ಟರನ ಹೆಂಡತಿ ಎಂದರೆ ಸಂಬಳವಿಲ್ಲದ ನೌಕರಿ. ಗಂಡಸರ ತಕರಾರು ಮುಂದಿನ ಬಾಗಿಲಿಗೆ ಬಂದರೆ ಹೆಂಗಸರ ದುಃಖ ಹಿಂದಿನ ಬಾಗಿಲಿಗೆ, ಅಂದರೆ ನನ್ನ ಅಡುಗೆಮನೆಗೆ ಬರುತ್ತಿತ್ತು. ಹಾಗೆ ಬರುತ್ತಿದ್ದವರಲ್ಲಿ ಒಬ್ಬಳು ಸುಗುಣಾ. ಇಪ್ಪತ್ತು ದಾಟಿದ ಹುಡುಗಿ, ಬಸ್‌ಸ್ಟ್ಯಾಂಡ್ ಹತ್ತಿರದ ಟೇಲರ್ ಅಂಗಡಿಯಲ್ಲಿ ಜಂಪರು ಹೊಲಿಯುತ್ತಿದ್ದಳು. ಭಾನುವಾರ ಸಣ್ಣ ಮಕ್ಕಳಿಗೆ ಹಾಡು ಕಲಿಸುವಳು. ತಾಯಿ ಹುಲಿಗೆಮ್ಮ. ದೀಕ್ಷಾಸ್ನಾನದಲ್ಲಿ ಆಕೆಗೆ ರಾಹೇಲ ಎಂದು ಹೆಸರಿಟ್ಟಿದ್ದರಂತೆ. ಹೊಸ ಹೆಸರಿನಿಂದ ಕೂಗಿದರೆ ಆಕೆ ತಿರುಗಿಯೂ ನೋಡುತ್ತಿರಲಿಲ್ಲವಾದ್ದರಿಂದ ಸಭೆಯವರು ಸೋತು ಹುಲಿಗೆಮ್ಮನಿಗೇ ಒಪ್ಪಿಕೊಂಡಿದ್ದರು. ತಂದೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ವಾರಕ್ಕೊಮ್ಮೆ ಬಂದು ಹೋಗುವನು.

ಆ ಮಳೆಗಾಲದ ಶುರುವಿನಲ್ಲಿ ಒಂದು ಶುಕ್ರವಾರ ಎಲ್ಲರೂ ಮೊಣಕಾಲೂರಿದ್ದಾಗ ಸುಗುಣಾ ಎದ್ದು ನಿಂತಳು. ಅವಳ ದನಿಯೇ ಬೇರೆಯಾಗಿತ್ತು. ‘ಮಗಳಾದ ಸಾರಮ್ಮಳೇ, ನಿನ್ನ ಕಣ್ಣೀರನ್ನು ಕಂಡೆನು. ಸಮುದ್ರತೀರದಲ್ಲಿರುವ ನಿನ್ನ ಮಗನು ನಿನ್ನ ಬಾಗಿಲಿಗೆ ಹಿಂದಿರುಗುವನು’ ಎಂದಳು. ಸಾರಮ್ಮನ ಮಗ ಮಂಗಳೂರು ಬಂದರಿಗೆ ದುಡಿಯಲು ಹೋದವನು ಸುದ್ದಿಯೇ ಕೊಟ್ಟಿರಲಿಲ್ಲ. ಮುಂದಿನ ವಾರವೇ ಬಂದುಬಿಟ್ಟ. ಸಸಿ ಹಚ್ಚುವ ಕಾಲಕ್ಕೆ ದುಡಿಯಲು ಹೋದವರೆಲ್ಲ ಊರಿಗೆ ಬರುತ್ತಾರೆ ಎಂದು ನಾನು ಹೇಳಬಹುದಿತ್ತು. ಸಾರಮ್ಮನ ಮುಖ ನೋಡಿದ ಮೇಲೆ ಹೇಳುವ ಮನಸ್ಸಾಗಲಿಲ್ಲ.

ಸುದ್ದಿ ಹಬ್ಬಿತು. ಬಳಗಾನೂರಿನಿಂದ ಬಂದರು, ಸಂತೆಕಲ್ಲೂರಿನಿಂದ ಬಂದರು. ಬಂಗಾಲಿ ನಿರಾಶ್ರಿತರಿರುವ ಆರ್.ಎಚ್. ಕ್ಯಾಂಪಿನಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದು, ಸುಗುಣಾಳ ಕೈ ಹಿಡಿದು ತನ್ನ ಭಾಷೆಯಲ್ಲೇ ಅತ್ತು ಹೋದಳು.

ನಮ್ಮ ಸಭೆಯ ಹಿರಿಯರು ದಾವೀದಪ್ಪ ಮಾಸ್ತರು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಒಳ್ಳೆಯ ಜೀವ. ಹಿಂದೊಮ್ಮೆ ಎಲ್ಲಿಂದಲೋ ಒಬ್ಬ ಪ್ರವಾದಿ ಬಂದು, ತನಗೆ ದೇವರು ಹೇಳಿದನೆಂದು ಏನೇನೋ ಹೇಳಿ, ಸಭೆಯನ್ನು ಒಡೆದು ಅರ್ಧ ಜನರನ್ನು ಕಟ್ಟಿಕೊಂಡು ಹೋಗಿದ್ದನಂತೆ. ಅಂದಿನಿಂದ ಯಾರಾದರೂ ‘ದೇವರು ನನಗೆ ಹೇಳಿದ’ ಅಂದರೆ ಮಾಸ್ತರ ಕಿವಿ ನೆಟ್ಟಗಾಗುತ್ತಿತ್ತು. ಆತ್ಮಗಳನ್ನು ವಿವೇಚಿಸುವ ವರ ಎಂದು ಒಂದುಂಟಲ್ಲ, ಯಾವ ಮಾತು ದೇವರದು, ಯಾವುದು ಮನುಷ್ಯನದು, ಯಾವುದು ಸೈತಾನನದು ಎಂದು ತಿಳಿಯುವ ಶಕ್ತಿ, ಅದು ನಮ್ಮ ಸಭೆಯಲ್ಲಿ ಮಾಸ್ತರಿಗಿದೆ ಎಂದು ಎಲ್ಲರೂ ಒಪ್ಪಿದ್ದರು. ಅವರ ಒರೆಗಲ್ಲು ಒಂದೇ. ದೇವರ ಮಾತಾದರೆ ಗ್ರಂಥದ, ಅಂದರೆ ಬೈಬಲಿನ, ಭಾಷೆಯಲ್ಲಿ ಬರಬೇಕು.

ಇದನ್ನು ಕೇಳಿ ನಗುವವರು ನಗಬಹುದು. ನಮ್ಮಲ್ಲಿ ವಾರವಿಡೀ ನಳದ ಮುಂದೆ ಕೊಡ ಹಿಡಿದು ‘ಸರೀಬೇ ಆಕಡಿ’ ಎಂದು ಜಗಳಾಡುವ ಹೆಂಗಸು ಭಾನುವಾರ ಪ್ರಾರ್ಥನೆಗೆ ಬಾಯಿ ತೆರೆದರೆ ‘ಓ ಕರ್ತನೇ, ನಿನ್ನ ಸನ್ನಿಧಾನಕ್ಕೆ ಬಂದಿರುತ್ತೇವೆ’ ಎನ್ನುತ್ತಾಳೆ. ನಾನೂ ಹಾಗೇ. ದೇವರು ಹಳೆಯ ಅಚ್ಚಿನ ಪುಸ್ತಕ ಓದಿಯೇ ಕನ್ನಡ ಕಲಿತವನು, ನಮ್ಮ ಮನೆಮಾತು ಅವನಿಗೆ ತಿಳಿಯದು ಎಂದು ನಾವೆಲ್ಲ ಒಳಗೊಳಗೇ ನಂಬಿದ್ದೆವು. ಸುಗುಣಾಳ ಮಾತು ಕೇಳಿದ ಮಾಸ್ತರು ಕಣ್ಣು ಮುಚ್ಚಿ ತಲೆದೂಗಿ, ‘ಮಾತು ಗ್ರಂಥದ್ದ ಐತಿ. ಇದು ಮ್ಯಾಲಿಂದ’ ಎಂದರು. ಅಲ್ಲಿಗೆ ಮುಗಿಯಿತು.

ಸುಗುಣಾ ಮಾತ್ರ ಒಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಾ ಬೇರೆಯೇ ಹೇಳಿದಳು.

‘ಅಮ್ಮಾರ, ನನ್ನ ಕೂಡ ಆತ ಹಂಗ ಮಾತಾಡೂದಿಲ್ರೀ.’

‘ಮತ್ತ ಹೆಂಗ?’

‘ನಮ್ಮ ಮನ್ಯಾಗ ಮಾತಾಡ್ತೀವಲ್ಲ, ಹಂಗ. ನಾ ಸಣ್ಣಾಕಿ ಇದ್ದಾಗಿಂದ. ಅವ್ವ ಸಸಿ ಹಚ್ಚಾಕ ಹೋದ್ರ ನಾ ಒಬ್ಬಾಕೀನ ಇರ್ತಿದ್ನಲ್ಲ, ಅವಾಗಿಂದ. ಉಂಡೀ ಏನ್ಬೇ ಅಂತಾನ. ಬಿಸಲಾಗ ಹೋಗಬ್ಯಾಡ ಅಂತಾನ. ಸಾರಮ್ಮತ್ತಿ ಮಗ ಬರ್ತಾನ, ಆಕೀಗೆ ಹೇಳಬೇ ಅಂದಿದ್ದ. ನಾ ಅದನ್ನ ಗ್ರಂಥದ ಮಾತಿಗೆ ತಿರುವಿ ಹೇಳಿದೆ.’

‘ಯಾಕ ತಿರುವಿದಿ?’

‘ಹಂಗ ಹೇಳಿದ್ರ ಮಾಸ್ತರು ನಂಬತಿದ್ರೇನ್ರೀ?’

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಆ ಮಧ್ಯಾಹ್ನ ನನಗೆ ಹೆದರಿಕೆಯೇ ಆಗಲಿಲ್ಲ, ಬದಲಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಪಾಸ್ಟರನ ಮನೆಯಲ್ಲಿ ರೊಟ್ಟಿ ಬಡಿದಿದ್ದೇನೆ, ಉಂಡೆಯಾ ಎಂದು ನನ್ನನ್ನು ಯಾರೂ ಮೇಲಿನಿಂದ ಕೇಳಿಲ್ಲ.

ಮಳೆ ಜೋರಾಯಿತು. ಗದ್ದೆಗಳಲ್ಲಿ ಸಸಿ ಹಸಿರು ಹಿಡಿಯಿತು. ಸುಗುಣಾಳ ಮುಖ ಮಾತ್ರ ದಿನದಿನಕ್ಕೆ ಸಣ್ಣದಾಗುತ್ತಾ ಬಂತು. ಜಂಪರಿನ ತೋಳನ್ನು ತಿರುವುಮುರುವು ಹೊಲಿಯುತ್ತಿದ್ದಾಳೆಂದು ಟೇಲರ್ ಅಂಗಡಿಯವನು ಹುಲಿಗೆಮ್ಮನ ಹತ್ತಿರ ಬೇಜಾರು ಹೇಳಿಕೊಂಡನಂತೆ. ನಾನು ಕರೆದು ಕೂರಿಸಿ ಕೇಳಿದೆ. ಆಗ ಹೇಳಿದಳು.

‘ಇನ್ನೊಂದು ದನಿ ಬಂದೈತ್ರೀ. ಇದನ್ನ ನಾ ತಿರುವಬೇಕಾಗಿಲ್ಲ. ಅದ ಗ್ರಂಥದ ಮಾತಿನಾಗ ಬರ್ತೈತಿ. ನಿನ್ನನ್ನು ನೀನು ಬರಿದುಮಾಡಿಕೋ, ಆಗ ನಾನು ನಿನ್ನಲ್ಲಿ ವಾಸಿಸುವೆನು ಅಂತೈತಿ. ಉಣಬ್ಯಾಡ ಅಂತೈತಿ. ಮಲಗಬ್ಯಾಡ ಅಂತೈತಿ.’

‘ಮತ್ತ ಆ ಮದ್ಲಿಂದು?’

‘ಅದೂ ಐತ್ರೀ. ಒಂದ್ ತುತ್ತರ ಉಣ್ಬೇ ಅಂತೈತಿ. ಇದರ ಗದ್ದಲದಾಗ ಅದು ಕೇಳವಲ್ದು.’

ನಾನು ಬಲವಂತದಿಂದ ಎರಡು ತುತ್ತು ಅನ್ನ ಮಜ್ಜಿಗೆ ಉಣ್ಣಿಸಿದೆ. ಆ ಭಾನುವಾರ ಅವಳು ಸಭೆಯ ಮುಂದೆ ನಿಂತು, ಕರ್ತನು ತನ್ನನ್ನು ದೊಡ್ಡ ಉಪವಾಸಕ್ಕೆ ಕರೆದಿದ್ದಾನೆ, ಅವನು ಸಾಕೆನ್ನುವವರೆಗೆ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಳು. ಜನ ಸ್ತೋತ್ರ ಸ್ತೋತ್ರ ಎಂದರು. ಹುಲಿಗೆಮ್ಮ ಕಂಬಕ್ಕೆ ಒರಗಿಕೊಂಡು ನನ್ನ ಕಡೆ ನೋಡಿದಳು.

ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಹೆದರುಪುಕ್ಕಲರೂ ಅಲ್ಲ. ಆದರೆ ಅವರ ಗಂಟಲಲ್ಲಿ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ‘ದೇವರ ಖರೇ ಕರೆದಿದ್ರ, ಬ್ಯಾಡ ಅನ್ನಾಕ ನಾ ಯಾರು? ಕರೆದಿಲ್ಲಂದ್ರ, ಹುಡುಗೀನ ಕೊಂದಂಗ ಆಗ್ತೈತಿ. ಯಾವುದು ಅಂತ ಹೆಂಗ ತಿಳೀಬೇಕು?’ ಎಂದರು. ಹಗಲೆಲ್ಲ ಮಂದಿರದಲ್ಲಿ ಒಬ್ಬರೇ ಮೊಣಕಾಲೂರಿ ಕೂತು ಬಂದರು. ಮುಖ ನೋಡಿದರೆ ಉತ್ತರ ಸಿಕ್ಕಂತಿರಲಿಲ್ಲ. ಕೊನೆಗೆ ಹಿರಿಯರನ್ನು ಕರೆಸಿದರು.

ಮುಂದಿನ ಭಾನುವಾರದ ಆರಾಧನೆ ಮುಗಿದ ಮೇಲೆ ಕೂತರು. ತಗಡಿನ ಮೇಲೆ ಮಳೆ ಬೀಳುತ್ತಿತ್ತು, ಗಟ್ಟಿಯಾಗಿ ಮಾತಾಡಬೇಕಾಗಿತ್ತು. ಸುಗುಣಾ ನಡುವೆ ಕೂತು, ಆ ಹೊಸ ದೊಡ್ಡ ದನಿ ಹೇಳಿದ್ದನ್ನೆಲ್ಲ ಹೇಳಿದಳು. ತುಟಿ ಒಡೆದಿದ್ದವು. ಮಾಸ್ತರು ತಮ್ಮ ಹಳೆಯ ಗ್ರಂಥವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿ, ‘ಒಂದ್ ಮಾತೂ ಗ್ರಂಥದ ಹೊರಗಿಲ್ಲ’ ಎಂದರು. ನಾನು ಚಹಾ ತಂದವಳು. ಚಹಾ ಕೊಟ್ಟು ಒಳಗೆ ಹೋಗುವುದು ಪದ್ಧತಿ. ಹೋಗಲಿಲ್ಲ.

‘ಮಾಸ್ತರ, ಆಕೀಗೆ ಇನ್ನೊಂದು ದನೀನೂ ಕೇಳಸ್ತೈತಿ. ಅದು ಉಣ್ಣು ಅಂತೈತಿ. ಸಣ್ಣಾಕಿ ಇದ್ದಾಗಿಂದ ಆಕೀ ಕೂಡ ಇದ್ದದ್ದು ಅದ. ಕೇಡು ಮಾಡಿಲ್ಲ. ಅದು ದೇವರದಲ್ಲ ಅಂತ ಹೆಂಗ ಅಂತೀರಿ?’

ಮಾಸ್ತರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಮೆಲ್ಲಗೆ ಹೇಳಿದರು.

‘ಅಮ್ಮಾರ, ಅಡವ್ಯಾಗ ಸ್ವಾಮಿ ಉಪಾಸ ಇದ್ದಾಗ, ಕಲ್ಲನ್ನ ರೊಟ್ಟಿ ಮಾಡ್ಕೊಂಡು ಉಣ್ಣು ಅಂದಾವ ಯಾರು?’

ಸೈತಾನ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು, ಭಾನುವಾರದ ಸಣ್ಣ ಮಕ್ಕಳಿಗೂ ಗೊತ್ತು. ಅವರ ಹತ್ತಿರ ಗ್ರಂಥವಿತ್ತು, ನನ್ನ ಹತ್ತಿರ ಒಂದು ಅಡುಗೆಮನೆಯ ಅನುಮಾನವಿತ್ತು. ಸುಗುಣಾ ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟು ವರ್ಷ ಜೊತೆಗಿದ್ದವನನ್ನು ಸೈತಾನ ಎಂದರಲ್ಲ, ಅದು ಅವಳ ಮುಖದಲ್ಲಿತ್ತು.

ಮಸ್ಕಿಯ ಗುಡ್ಡದಲ್ಲಿ ಹಳೆಯ ಕಾಲದ ರಾಜನೊಬ್ಬ ಬರೆಸಿದ ಬಂಡೆ ಇದೆ. ನಾವು ಹೊಸದಾಗಿ ಬಂದಾಗ ಮಾಸ್ತರೇ ಕರೆದೊಯ್ದು ತೋರಿಸಿದ್ದರು. ಬೇರೆ ಕಡೆಯ ಬಂಡೆಗಳಲ್ಲಿ ರಾಜನ ಬಿರುದು ಮಾತ್ರ ಇತ್ತಂತೆ, ಆ ಮಾತುಗಳು ಯಾರವು ಎಂದು ಓದಿದವರಿಗೂ ಖಾತ್ರಿಯಿರಲಿಲ್ಲವಂತೆ, ಈ ಊರಿನ ಬಂಡೆಯಲ್ಲಿ ಅವನ ಹೆಸರು ಸಿಕ್ಕಿ ಎಲ್ಲ ಬಗೆಹರಿಯಿತಂತೆ. ಆ ಹೇಳಿಕೆಯಲ್ಲಿ ಮಾಸ್ತರಿಗೆ ಭಾರೀ ಹೆಮ್ಮೆ. ಒಳಗಿನ ಮಾತಿನ ಕೆಳಗೂ ಹೀಗೆ ಒಂದು ಹೆಸರು ಇದ್ದಿದ್ದರೆ ನಾವು ಇಷ್ಟು ಒದ್ದಾಡುತ್ತಿರಲಿಲ್ಲ.

ಉಪವಾಸ ನಡೆಯಿತು. ನಾನು ದಿನಾ ಗಂಜಿ ಒಯ್ದು ದಿನಾ ವಾಪಸು ತಂದೆ. ಅವಳು ನನ್ನ ಕೈ ಹಿಡಿದುಕೊಂಡು, ‘ಬ್ಯಾಡ್ರೀ ಅಮ್ಮಾರ, ಉಂಡ್ರ ಸೈತಾನನ ಮಾತು ಕೇಳಿದಂಗ ಆಗ್ತೈತಿ’ ಎನ್ನುತ್ತಿದ್ದಳು. ಹೊಡೆದು ಉಣ್ಣಿಸಲೇ ಎನಿಸುತ್ತಿತ್ತು. ಅಳು ಬರುತ್ತಿತ್ತು. ನಮ್ಮವರು ಹೋಗಿ, ಸಭಾಪಾಲಕನಾಗಿ ಹೇಳುತ್ತಿದ್ದೇನೆ, ಉಪವಾಸ ಮುರಿ ಎಂದರು. ಅವಳು ಬಹಳ ಮರ್ಯಾದೆಯಿಂದ, ‘ನಿಮಗ ಮ್ಯಾಲಿಂದ ಅಪ್ಪಣೆ ಆಗೈತೇನ್ರೀ?’ ಎಂದು ಕೇಳಿದಳು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. ಎದ್ದು ಬಂದರು.

ಒಂದು ಬೆಳಿಗ್ಗೆ ನಳದ ಹತ್ತಿರ ಬಿದ್ದಳು. ಹುಲಿಗೆಮ್ಮನ ಕೂಗಿಗೆ ಓಣಿಯೇ ಸೇರಿತು. ಟಂಟಂನಲ್ಲಿ ಹಾಕಿಕೊಂಡು ಸಿಂಧನೂರಿನ ದವಾಖಾನೆಗೆ ಒಯ್ದೆವು. ಗಿರಣಿಯಿಂದ ಅವಳ ಅಪ್ಪ ಮೈಯೆಲ್ಲ ತೌಡು ಮೆತ್ತಿಕೊಂಡೇ ಓಡಿ ಬಂದು, ಮಗಳ ಕಾಲ ಹತ್ತಿರ ಕೂತ. ಸಲೈನ್ ಏರಿಸಿದರು. ಇನ್ನೆರಡು ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ಅಲ್ಲಿಯ ಡಾಕ್ಟರೇ, ಮೈಗೆ ನಾವು ನೋಡಿದೆವು, ಮನಸ್ಸಿಗೆ ನೋಡುವವರು ಬೇರೆ, ಲಿಂಗಸುಗೂರಿಗೆ ವಾರಕ್ಕೊಮ್ಮೆ ಬರುತ್ತಾರೆ, ತೋರಿಸಿ ಎಂದು ಹೇಳಿ ಕಳಿಸಿದರು.

ಹೀಗೆ ನಾನು, ಹುಲಿಗೆಮ್ಮ, ಸುಗುಣಾ ಲಿಂಗಸುಗೂರಿಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವನು. ಅವಸರ ಮಾಡಲಿಲ್ಲ. ಸುಗುಣಾ ಎರಡೂ ದನಿಗಳ ಬಗ್ಗೆ ಒಂದನ್ನೂ ಮುಚ್ಚದೆ ಹೇಳಿದಳು. ಅವನು ಗುಳಿಗೆ ಬರೆದುಕೊಟ್ಟ. ಅವಳನ್ನು ಹೊರಗೆ ಕೂರಿಸಿ ನಾನು ವಾಪಸು ಒಳಗೆ ಹೋದೆ.

‘ಡಾಕ್ಟರ, ಒಂದು ದನಿ ಆಕೀನ ಕೊಲ್ಲಾಕತ್ತೈತಿ, ಇನ್ನೊಂದು ಜೋಪಾನ ಮಾಡಾಕತ್ತೈತಿ. ಕೆಟ್ಟದ್ದಷ್ಟ ಹೋಗೂಹಂಗ ಗುಳಿಗಿ ಇಲ್ಲೇನ್ರೀ?’

ಅವನು ನಗಲಿಲ್ಲ. ಅದಕ್ಕಾಗಿ ಅವನನ್ನು ಇವತ್ತಿಗೂ ನೆನೆಯುತ್ತೇನೆ.

‘ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಅಂತ ಗುಳಿಗಿಗೆ ಗೊತ್ತಾಗೂದಿಲ್ರೀ ಅಕ್ಕಾರ’ ಎಂದ.

ವಾಪಸು ಬರುವಾಗ ಸಂತೆಕಲ್ಲೂರು ಹತ್ತಿರ ಬಸ್ಸು ನಿಂತಿತ್ತು. ಆ ಕಡೆ ಕಾಲುವೆ ನೀರಿಲ್ಲ, ಜೋಳದ ಹೊಲಗಳು. ಸುಗುಣಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಹುಲಿಗೆಮ್ಮ ಗುಳಿಗೆಯ ಪೊಟ್ಟಣವನ್ನು ಉಡಿಯಿಂದ ತೆಗೆದು ನನ್ನ ಮುಂದೆ ಹಿಡಿದಳು.

‘ಅಮ್ಮಾರ, ನಾ ಓದು ಬರಹ ಇಲ್ದಾಕಿ. ನೀವು ಪಾಸ್ಟರ್ ಮನ್ಯಾಗ ಇರಾಕಿ. ಇದನ್ನ ಕೊಟ್ರ ದೇವರ ಬಾಯಿ ಮುಚ್ಚಿದಂಗ ಆಗೂದಿಲ್ಲಲ್ಲ? ನೀವು ಕೊಡು ಅಂದ್ರ ಕೊಡ್ತೀನಿ.’

‘ಕೊಡು ಹುಲಿಗೆಮ್ಮ. ಜೀವ ಮದ್ಲ ಉಳೀಲಿ’ ಎಂದೆ. ದನಿ ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ನೆಲ ಸಿಗದ ನೀರಿನಲ್ಲಿ ಕಾಲಾಡಿಸಿದ ಹಾಗಾಗುತ್ತಿತ್ತು. ಆ ಮಾತನ್ನು ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಗೊತ್ತಿದ್ದು ಹೇಳುವುದು ಬೇರೆ, ಗೊತ್ತಿಲ್ಲದೆ ಹೇಳುವುದು ಬೇರೆ.

ಮೊದಲು ಹೋದದ್ದು ದೊಡ್ಡ ದನಿ. ಸುಗುಣಾ ಉಣ್ಣತೊಡಗಿದಳು, ಮಲಗತೊಡಗಿದಳು. ‘ಅದು ಹೋಗೇತ್ರೀ, ಇದು ಐತಿ’ ಎಂದು ಒಂದು ದಿನ ಬಂದು ಹೇಳಿದಾಗ ನಾನು ಅವಳನ್ನು ಅಪ್ಪಿಕೊಂಡೆ. ಗುಳಿಗೆಗೂ ವಿವೇಕ ಇದೆ ನೋಡು ಎಂದು ನಮ್ಮವರ ಮುಂದೆ ಬಡಾಯಿ ಕೊಚ್ಚಿದೆ. ಅವರೂ ಎಷ್ಟೋ ದಿನದ ಮೇಲೆ ನಕ್ಕರು. ಭತ್ತ ತೆನೆ ಬಿಟ್ಟು ಬಾಗುವ ಹೊತ್ತಿಗೆ ಅವಳು ಮತ್ತೆ ಸುಮ್ಮನಾದಳು. ನಾನು ಕೇಳಲಿಲ್ಲ. ಸಣ್ಣ ದನಿಯೂ ಹೋಗಿದೆ ಎಂದು ಕೇಳದಿದ್ದರೂ ತಿಳಿಯುತ್ತಿತ್ತು. ಭಾನುವಾರ ಮಕ್ಕಳಿಗೆ ಹಾಡು ಕಲಿಸುವಾಗ ತಾನು ಬಾಯಿ ಬಿಡುತ್ತಿರಲಿಲ್ಲ, ಕೈಯಿಂದ ತಾಳ ಮಾತ್ರ ಹಾಕುತ್ತಿದ್ದಳು. ಕೈ ಸಣ್ಣಗೆ ನಡುಗುತ್ತಿತ್ತು, ಅದು ಗುಳಿಗೆಯ ದೆಸೆಯಿಂದ ಎಂದು ಡಾಕ್ಟರು ಮೊದಲೇ ಹೇಳಿದ್ದ.

ದಾವೀದಪ್ಪ ಮಾಸ್ತರು ಸಭೆಯಲ್ಲಿ ಮುಂದಿನ ಸಾಲು ಬಿಟ್ಟು ಬಾಗಿಲ ಹತ್ತಿರ ಕೂಡಲು ಶುರುಮಾಡಿದ್ದರು. ಒಂದು ದಿನ ಬಾಳೆಹಣ್ಣು ಹಿಡಿದು ಸುಗುಣಾಳ ಮನೆಗೆ ಹೋಗಿದ್ದರಂತೆ, ಹೊಸ್ತಿಲ ಹೊರಗೆ ಇಟ್ಟು ಬಂದರಂತೆ. ನನ್ನ ಹತ್ತಿರ ಬಂದು, ‘ನಾ ಗ್ರಂಥ ನೋಡೇ ಹೇಳಿದ್ನಿ ಅಮ್ಮಾರ’ ಎಂದರು. ‘ಹೌದ್ರೀ ಮಾಸ್ತರ’ ಎಂದೆ. ಅವರನ್ನು ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಆ ಮುದುಕ ಮನುಷ್ಯನ ಕಣ್ಣು ನೋಡಿ ಒಂದೂ ಹೊರಗೆ ಬರಲಿಲ್ಲ. ಬೈದಿದ್ದರೂ ನನ್ನ ಹತ್ತಿರ ಅವರಿಗಿಂತ ಒಳ್ಳೆಯ ಒರೆಗಲ್ಲೇನೂ ಇರಲಿಲ್ಲ.

ಕೊಯ್ಲಿನ ಯಂತ್ರಗಳು ಗದ್ದೆಗೆ ಇಳಿದವು. ಕ್ರಿಸ್‌ಮಸ್ ಹತ್ತಿರ ಬಂತು. ಮಕ್ಕಳ ನಾಟಕಕ್ಕೆ ದೇವದೂತರ ಬಿಳಿ ಅಂಗಿ ಹೊಲಿಯಬೇಕಿತ್ತು. ಸುಗುಣಾ ನನ್ನ ಅಡುಗೆಮನೆಯ ಬಾಗಿಲಲ್ಲಿ ಬೆಳಕಿಗೆ ಕೂತು ಅಂಗಿಯ ಅಂಚು ಮಡಚಿ ಹೊಲಿಯುತ್ತಿದ್ದಳು. ನಾನು ಹಿಟ್ಟು ನಾದುತ್ತಿದ್ದೆ. ಮೈ ತುಂಬಿಕೊಂಡಿದ್ದಳು, ಮುಖ ಉಬ್ಬಿದಂತಿತ್ತು. ತಲೆ ಎತ್ತದೆ ಕೇಳಿದಳು.

‘ಅಮ್ಮಾರ, ಒಂದ್ ಮಾತು ಖರೇ ಹೇಳ್ತೀರಿ?’

‘ಕೇಳವ್ವಾ.’

‘ನನ್ನ ಕೂಡ ಇದ್ದದ್ದು ಆತನ ಏನ್ರೀ? ಏನ್ ನನ್ನ ಬ್ಯಾನಿ ಆಗಿತ್ತ?’

ನಾನು ನಾದುವುದನ್ನು ನಿಲ್ಲಿಸಿದೆ.

‘ಬ್ಯಾನಿ ಅಂದ್ರ ಚಲೋ ಆತು, ಹೋತು, ಅಂತ ಬಿಡ್ತೀನ್ರೀ. ಆತನ ಅಂದ್ರ ಗುಳಿಗಿ ಬಿಡ್ತೀನಿ, ಆದದ್ದಾಗಲಿ. ನೀವು ಹೇಳಿದಂಗ ಕೇಳ್ತೀನಿ. ಯಾವುದರ ಒಂದು ಹೇಳ್ರಿ.’

ಗುಳಿಗೆ ಬಿಡಬೇಡ ಎನ್ನುವುದು ಸುಲಭವಿತ್ತು, ಅದನ್ನು ಕೂಡಲೇ ಹೇಳಿದೆ. ಅವಳು ಕೇಳಿದ್ದು ಅದಲ್ಲವಲ್ಲ. ಬೇನೆ ಎಂದುಬಿಟ್ಟರೆ ಅವಳಿಗೆ ನೆಮ್ಮದಿ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಾಯಿ ಕೂಲಿಗೆ ಹೋದ ಮನೆಯಲ್ಲಿ ಒಂದು ಸಣ್ಣ ಕೂಸಿನ ಹತ್ತಿರ ಕೂತು ಊಟ ವಿಚಾರಿಸಿದವನು ಯಾರು ಎಂದು ನನಗೆ ಗೊತ್ತಿರಲಿಲ್ಲ. ದೇವರಲ್ಲ ಎನ್ನಲು ನನಗೆ ಧೈರ್ಯವಿರಲಿಲ್ಲ, ದೇವರೇ ಎನ್ನಲಂತೂ ಇರಲೇ ಇಲ್ಲ. ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆ ವರ್ಷವಿಡೀ ಅದನ್ನೇ ಮಾಡಿದ್ದೆ.

‘ನನಗ ತಿಳೀವಲ್ದವ್ವಾ’ ಎಂದೆ.

ಅವಳು ಹಲ್ಲಿನಿಂದ ದಾರ ಕಡಿದು, ಇನ್ನೊಂದು ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

‘ಹಂಗಾದ್ರ ತಿಳಿಯೂತನಕ ಗುಳಿಗಿ ತಗೊಂತ ಕಾಯ್ತೀನಿ ಬಿಡ್ರಿ’ ಎಂದಳು.